ಮೂರೇ ಸಾಮಾನಿನ ಅಂಗಡಿ

ಇವತ್ತು ನನ್ನ ಆನ್‌ಲೈನ್ ಅಂಗಡಿಯಲ್ಲಿ ಸಿಗುವುದು ಉಂಡೆ ಕೊಬ್ಬರಿ, ಗಾಣದ ಕೊಬ್ಬರಿ ಎಣ್ಣೆ ಮತ್ತು ಕೊಬ್ಬರಿ ಚಟ್ನಿಪುಡಿ. ಮೂರೇ ಸಾಮಾನು. ಚಟ್ನಿಪುಡಿಯಲ್ಲೂ ಒಂದೇ ಬಗೆ. ಬೆಳ್ಳುಳ್ಳಿ ಬೇಡ, ಖಾರ ಕಮ್ಮಿ ಮಾಡಿಕೊಡಿ ಎಂದು ಕೇಳುವವರಿಗೆ ಆಗುವುದಿಲ್ಲ ಎಂದು ಹೇಳುವುದನ್ನು ಕಲಿತಿದ್ದೇನೆ. ಮೊದಲು ಆ ಮಾತು ನನ್ನ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಶುರುವಾದದ್ದು ನಮ್ಮದೇ ಕೊಬ್ಬರಿಯಿಂದ. ತಿಪಟೂರಿನಲ್ಲಿ ಮನೆ, ಬಿಳಿಗೆರೆ ಕಡೆ ತೋಟ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಸುಲಿಸಿ, ಒಡೆಸಿ ಮಂಡಿಗೆ ಹಾಕುವುದು ನಮ್ಮ ಯಜಮಾನರ ಕೆಲಸ. ಅದರಲ್ಲಿ ಒಂದಷ್ಟನ್ನು ಎತ್ತಿಟ್ಟುಕೊಂಡು ನಾನು ಫೋನಿನಲ್ಲಿ ಫೋಟೋ ತೆಗೆದು ಹಾಕಿದೆ. ಜನ ಕೊಂಡರು. ಆಮೇಲೆ ಎಣ್ಣೆ, ಆಮೇಲೆ ಚಟ್ನಿಪುಡಿ. ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಪಕ್ಕದ ಮನೆಯವರು 'ನಮ್ ಹಪ್ಪಳಾನೂ ಹಾಕಮ್ಮ' ಎಂದರು, ಹಾಕಿದೆ. ಸಂಪಿಗೆ ಎಂಬ ಊರಿನಲ್ಲಿರುವ ಸೋದರತ್ತೆ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಯಲ್ಲಿ ತುಂಬಿಕೊಂಡೇ ಬಂದರು. ಚಿಪ್ಪಿನ ಸೌಟು ಬಂತು, ಕಡ್ಡಿಪೊರಕೆ ಬಂತು. ಗೃಹಪ್ರವೇಶ, ಸೀಮಂತ, ನಾಮಕರಣಕ್ಕೆ ಬಂದವರಿಗೆ ಕೊಡಲು ಹೆಸರು, ಫೋಟೋ ಅಚ್ಚು ಹಾಕಿದ ಕಾರ್ಡಿಟ್ಟು ಉಡುಗೊರೆ ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದೂ ಹಾಕಿದೆ. ಯಾರಿಗೂ ಇಲ್ಲ ಎನ್ನಲಿಲ್ಲ. ನಾಲ್ಕು ಜನ 'ಅವಳಿಂದ ನಮ್ಗೂ ಒಂದು ದಾರಿಯಾಯ್ತು' ಎನ್ನುವುದನ್ನು ಕೇಳುವುದು ನನಗೆ ರುಚಿಯಾಗಿತ್ತು. ನಮ್ಮ ಯಜಮಾನರು ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದೆ ರಟ್ಟಿನ ಪೆಟ್ಟಿಗೆಗಳನ್ನು ದಾಟಿಕೊಂಡು ಹೋಗುತ್ತಾ, 'ಸಂತೇಲಿ ಹತ್ತಾರು ಅಂಗಡಿ ಇರ್ತವೆ ಕಣೇ. ಅಷ್ಟನ್ನೂ ಒಬ್ಳೇ ಇಟ್ಕೊಂಡು ಕೂರಲ್ಲ' ಎಂದಿದ್ದರು. ನಾನು ನಕ್ಕಿದ್ದೆ.

ಹೀಗೆ ಬಂದವರಲ್ಲಿ ನನ್ನ ಗೆಳತಿಯೂ ಒಬ್ಬಳು. ಅವಳು ತಾನಾಗಿ ಬರಲಿಲ್ಲ, ನಾನೇ ಕರೆತಂದೆ. ನನ್ನ ತವರು ಶೆಟ್ಟಿಕೆರೆ. ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಕುರಿ ಸಾಕುವ ಮನೆಯ ಹುಡುಗಿ ಅವಳು. ಹುಳಿಯಾರಿನ ಹತ್ತಿರದ ಒಂದು ಹಟ್ಟಿಗೆ ಮದುವೆಯಾಗಿ ಹೋದಳು. ಬಹಳ ವರ್ಷದ ಮೇಲೆ ಒಂದು ಮದುವೆಮನೆಯಲ್ಲಿ ಸಿಕ್ಕಾಗ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೇನೆ ಎಂದಳು. ಬೆಳಕು ಹರಿಯುವ ಮುಂಚೆ ವ್ಯಾನು ಹತ್ತಬೇಕು. ದಿನವಿಡೀ ಅಂಗಿಯ ಕಾಲರ್ ಹೊಲಿಯಬೇಕು. ಮನೆಯಲ್ಲಿ ಮಾವ ಇನ್ನೂ ಮಗ್ಗದಲ್ಲಿ ಕಂಬಳಿ ನೇಯುತ್ತಾರೆ, ಆದರೆ ಮದುವೆಯ ಶಾಸ್ತ್ರಕ್ಕೆ, ದೇವರ ಗದ್ದುಗೆಗೆ ಬಿಟ್ಟರೆ ಕೇಳುವವರಿಲ್ಲ ಎಂದಳು.

'ಕೂತ್ಕೊಳ್ಳೋ ಅಷ್ಟು ಸಣ್ಣ ಕಂಬಳಿ ನೇಯ್ತಾರಾ ಕೇಳು' ಎಂದೆ ನಾನು.

ನೇಯ್ದರು. ನಾನು ಮಾರಿದೆ. ಬೆಂಗಳೂರು, ಮೈಸೂರಿನ ಜನ ಪೂಜೆಗೆ, ಧ್ಯಾನಕ್ಕೆಂದು ಆ ಸಣ್ಣ ಕಂಬಳಿಗಳನ್ನು ತರಿಸಿಕೊಂಡರು. ಬೇಡಿಕೆ ಒಂದಷ್ಟು ದಿನ ಚೆನ್ನಾಗಿಯೇ ಇತ್ತು. ಉಣ್ಣೆ ನೂಲುವುದು, ಅಂಚು ಹೊಲಿಯುವುದು ಅವಳ ಪಾಲಿನ ಕೆಲಸ. ರಜೆಯ ದಿನ ಮಾತ್ರ ಮಾಡಿದರೆ ಸಾಲುತ್ತಿರಲಿಲ್ಲ. ಆಗ ಫೋನಿನಲ್ಲಿ ನಾನು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. 'ಆ ಗಾರ್ಮೆಂಟ್ಸ್ ಬಿಟ್ಬುಡೇ. ನಾನಿದೀನಲ್ಲ.'

ಅವಳು ಬಿಟ್ಟಳು.

ಎಲ್ಲ ತಿರುಗಿದ್ದು ಒಂದು ಶ್ರಾವಣದಲ್ಲಿ. ಪೆಟ್ಟಿಗೆಗಳ ಕೆಲಸ ಮೈಮೇಲೆ ಬಿದ್ದಿತ್ತು. ಒಂದು ಮನೆಯವರದು ಮಗುವಿನ ನಾಮಕರಣ. ಇನ್ನೊಬ್ಬ ಹೆಣ್ಣುಮಗಳು ತನ್ನ ತಂದೆಯ ವೈಕುಂಠ ಸಮಾರಾಧನೆಗೆ ಹೇಳಿದ್ದಳು. ಅವರಿಗೆ ಕೊಬ್ಬರಿ ಮಿಠಾಯಿ ಇಷ್ಟವಾಗಿತ್ತಂತೆ, ಅದಕ್ಕೇ ಬಂದವರಿಗೆ ಅದನ್ನೇ ಕೊಡಬೇಕೆಂದು ಆಸೆ. ಪೆಟ್ಟಿಗೆಯೊಳಗೆ ತಂದೆಯ ಫೋಟೋ ಇರುವ ಸಣ್ಣ ಕಾರ್ಡು. ಎರಡೂ ಕಡೆಯದನ್ನು ನಾನೇ ತುಂಬಿದೆ, ನಾನೇ ಅಂಟಿಸಿದೆ. ನಡುವೆ ಕಂಬಳಿಯ ಬಣ್ಣ ಫೋಟೋದಲ್ಲಿದ್ದ ಹಾಗಿಲ್ಲ ಎಂದು ಒಬ್ಬರ ಫೋನು, ಹಪ್ಪಳ ಮುರಿದಿದೆ ಎಂದು ಇನ್ನೊಬ್ಬರ ಫೋನು. ಭುಜ ಕಿವಿಗಳ ಮಧ್ಯೆ ಫೋನು ಒತ್ತಿಕೊಂಡೇ ಕೈ ಕೆಲಸ ಮಾಡುತ್ತಿತ್ತು.

ಎರಡು ದಿನದ ಮೇಲೆ ಆ ಹೆಣ್ಣುಮಗಳು ಫೋನ್ ಮಾಡಿದಳು. ಊಟದ ಪಂಕ್ತಿ ನಡೆಯುತ್ತಿರುವ ಸದ್ದು ಹಿಂದಿನಿಂದ ಕೇಳುತ್ತಿತ್ತು.

'ಮೇಡಂ, ನಿಮ್ಮ ಪೆಟ್ಟಿಗೆ ಈಗಷ್ಟೇ ಹಂಚೋಕೆ ಶುರು ಮಾಡಿದ್ವಿ,' ಎಂದಳು. 'ಒಳಗಡೆ ಕಾರ್ಡಲ್ಲಿ, ನಮ್ಮನೆಗೆ ಹೊಸ ಅತಿಥಿ ಬಂದಿದ್ದಾನೆ, ಹರಸಿ ಅಂತಿದೆ.'

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

'ನಮ್ಮಪ್ಪನ ಫೋಟೋ ಯಾರ ಮನೆಗೆ ಹೋಗಿದೆ, ಅಷ್ಟು ಹೇಳಿ. ಅವ್ರು ಅದನ್ನ ಕಸಕ್ಕೆ ಹಾಕ್ದೆ ಇದ್ರೆ ಸಾಕು' ಎಂದು ಇಟ್ಟುಬಿಟ್ಟಳು.

ನಾಮಕರಣದ ಮನೆಯವರಿಗೆ ಫೋನ್ ಮಾಡಿದೆ. ಅವರು ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ, ನಾನು ಹೇಳಿದ ಮೇಲೆ ಬಿಚ್ಚಿ ನೋಡಿದರು. ತೊಟ್ಟಿಲು ಶಾಸ್ತ್ರದ ದಿನ ಸತ್ತವರ ಫೋಟೋ ಒಳಗೆ ಬಂತು ಎಂದು ಮಗುವಿನ ಅಜ್ಜಿ ಬೈದದ್ದನ್ನು ಇಲ್ಲಿ ಬರೆಯಲಾರೆ. ಯಜಮಾನರು ಮರುದಿನವೇ ಬಸ್ಸು ಹತ್ತಿ ಹೋಗಿ, ಆ ಕಾರ್ಡುಗಳನ್ನು ಒಂದೂ ಬಿಡದೆ ತಂದು, ಆ ಹೆಣ್ಣುಮಗಳ ಮನೆಗೆ ಒಪ್ಪಿಸಿ ಬಂದರು. ನಾನು ಹೋಗಲಿಲ್ಲ. ಮುಖ ತೋರಿಸುವ ಧೈರ್ಯವಿರಲಿಲ್ಲ.

ಬಂದವರು ಕೈಕಾಲು ತೊಳೆದು ಕೂತು, 'ಎಲ್ಲಾ ತೆಗೆದುಬಿಡು' ಎಂದರು. 'ನಮ್ದು ಏನಿದೆಯೋ ಅಷ್ಟು ಸಾಕು. ಕೊಬ್ರಿ, ಎಣ್ಣೆ, ಪುಡಿ. ಅದನ್ನ ಸರಿಯಾಗಿ ಕಳಿಸು.'

'ಹಪ್ಪಳ, ಮಿಠಾಯಿ ತೆಗೀತೀನಿ. ಪೆಟ್ಟಿಗೆ ಅಂತೂ ಇನ್ನು ಮುಟ್ಟಲ್ಲ. ಕಂಬಳಿ ಒಂದು ಇರ್ಲಿ.'

ಅವರು, 'ದಿನಾ ಫೋನಲ್ಲಿ ನೀನು ಹೆಚ್ಚು ಮಾತಾಡೋದು ಯಾವುದರ ವಿಷ್ಯ, ನೀನೇ ಹೇಳು' ಎಂದರು.

ಅದು ಕಂಬಳಿಯೇ. ಉಣ್ಣೆಯ ವಾಸನೆ ಬರುತ್ತದೆ, ಚುಚ್ಚುತ್ತದೆ, ಒಂದು ಕರಿ, ಒಂದು ಬೂದು, ಹೋದ ಸಲದ್ದು ಅಗಲವಿತ್ತು, ಇದು ಯಾಕೆ ಗಿಡ್ಡ. ಕೈಯಲ್ಲಿ ನೇಯ್ದದ್ದು ಹಾಗೇ ಇರುತ್ತದೆ ಎಂದು ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು. ವಾಪಸು ಬರುತ್ತಿದ್ದುದರಲ್ಲೂ ಅದೇ ಹೆಚ್ಚು. ಮೊದಲಿನ ಬೇಡಿಕೆಯೂ ಇಳಿದಿತ್ತು. ಯಜಮಾನರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಸಿಗದೇ ಇದ್ದದ್ದೇ ನನ್ನನ್ನು ಈಗಲೂ ಕಾಡುವುದು. ನಿರ್ಧಾರ ಸರಿಯಾಗಿತ್ತು, ಆದರೆ ಗೆಳತಿಯಿಂದ ಗಾರ್ಮೆಂಟ್ಸ್ ಕೆಲಸ ಬಿಡಿಸಿದವಳೂ ನಾನೇ.

ಸೋದರತ್ತೆಗೆ ಫೋನಿನಲ್ಲೇ ಹೇಳಿದೆ. ಅವರು ಆ ಸಲ ಹಬ್ಬಕ್ಕೆ ಬರಲಿಲ್ಲ, ಮುಂದಿನ ಹಬ್ಬಕ್ಕೆ ಬಂದರು. ಗೆಳತಿಗೆ ಫೋನಿನಲ್ಲಿ ಹೇಳಲು ಮನಸ್ಸು ಒಪ್ಪಲಿಲ್ಲ. ಹುಳಿಯಾರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹಟ್ಟಿಗೆ ಹೋದೆ.

ಹೋಗುವಷ್ಟರಲ್ಲಿ ಅಂಗಳದಲ್ಲಿ ಮುಂದಿನ ನೇಯ್ಗೆಗೆ ಉದ್ದ ನೂಲಿನ ಹಾಸು ಎಳೆದು ಕಟ್ಟಿದ್ದರು. ಅವಳ ಮಾವ ಹುಣಸೆ ಬೀಜದ ಗಂಜಿಯನ್ನು ಕುಂಚದಲ್ಲಿ ಅದ್ದಿ ನೂಲಿಗೆ ಬಳಿಯುತ್ತಿದ್ದರು. ಆ ಹುಳಿ ವಾಸನೆ ಇಡೀ ಅಂಗಳದಲ್ಲಿತ್ತು. ನನ್ನನ್ನು ಕಂಡು ಕೈ ಒರೆಸಿಕೊಂಡು, 'ಬಾ ತಾಯಿ. ನೀನು ಹೇಳ್ದಂಗೆ ಈ ಸಲ ಎಲ್ಲಾ ಒಂದೇ ಅಳ್ತೆ ಬರೋ ಹಂಗೆ ಕಟ್ಟೀನಿ ನೋಡು' ಎಂದರು. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಯ ಪಕ್ಕದ ಗೋಡೆಗೆ ಅಳತೆಯ ಕಡ್ಡಿಯೊಂದನ್ನು ಒರಗಿಸಿದ್ದರು. ನಾನು ನೋಡಿ ತಲೆಯಾಡಿಸಿದೆ.

ಗೆಳತಿ ಮುದ್ದೆ, ಹುರುಳಿಕಾಳು ಸಾರು ಬಡಿಸಿದಳು. ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಗಿರಬೇಕು. ಊಟವಾದ ಮೇಲೆ ದನಕ್ಕೆ ನೀರು ಕುಡಿಸುವ ನೆವ ಮಾಡಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

'ಏನೇ, ಕಂಬಳಿ ಓಡ್ತಿಲ್ವಾ?'

'ಓಡ್ತಿಲ್ಲ ಅಂತಲ್ಲ,' ಎಂದು ಶುರು ಮಾಡಿದೆ. ಆಮೇಲೆ ಪೆಟ್ಟಿಗೆಯ ಕಥೆ, ಅದಲು ಬದಲಾದ ಫೋಟೋ, ಯಜಮಾನರ ಮಾತು ಎಲ್ಲ ಹೇಳಿದೆ. ಎಷ್ಟು ಉದ್ದ ಹೇಳಿದೆನೆಂದರೆ, ಮಾತಿನ ಹಿಂದೆ ಅಡಗಿಕೊಳ್ಳುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿತ್ತು. ಅವಳು ಎಮ್ಮೆಯ ಕತ್ತಿನ ಹಗ್ಗ ಸರಿಪಡಿಸುತ್ತಾ ಕೇಳಿಸಿಕೊಂಡಳು.

'ಅಂದ್ರೆ ಇನ್ನು ಬ್ಯಾಡ.'

'ಈಗ ಮಾಡಿರೋದನ್ನ ನಾನು ತಗೊತೀನಿ. ಅದಾದ್ಮೇಲೆ ಬೇಡ.'

'ಹೂಂ' ಎಂದಳು. ನೀರಿನ ಬಕೆಟ್ಟನ್ನು ಎಮ್ಮೆಯ ಮುಂದೆ ಸರಿಸಿ, 'ಮಾವಂಗೆ ಇವತ್ತು ಹೇಳ್ಬೇಡ ಕಣೇ. ಹಾಸು ಕಟ್ಟವ್ರೆ. ಅದು ಮುಗೀಲಿ, ನಾನೇ ಹೇಳ್ತೀನಿ' ಎಂದಳು.

'ನನ್ಮೇಲೆ ಸಿಟ್ಟಾ?'

'ಸಿಟ್ಟು ಮಾಡ್ಕೊಂಡು ಏನ್ಮಾಡ್ಲಿ ಬುಡು. ನೀನು ಬೇಕು ಅಂತ ಮಾಡ್ದೋಳಲ್ಲ' ಎಂದಳು. ಕಣ್ಣು ಮಾತ್ರ ನನ್ನ ಕಡೆ ಎತ್ತಲಿಲ್ಲ. 'ಗಾರ್ಮೆಂಟ್ಸ್‌ನೋರು ತಿರ್ಗ ಸೇರಿಸ್ಕೊತಾರೋ ಇಲ್ವೋ. ಕೇಳ್ಬೇಕು.'

ಹೊರಡುವಾಗ ಮಾವ ಒಂದು ಕಂಬಳಿಯನ್ನು ಮಡಚಿ ನನ್ನ ಕೈಗಿಟ್ಟರು. ನನಗೆಂದೇ ನೇಯ್ದದ್ದಂತೆ. ಬೇಡವೆನ್ನಲು ಕಾರಣ ಹೇಳಬೇಕಾಗಿತ್ತು. ಹೇಳುವ ಹಾಗಿರಲಿಲ್ಲ. ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಕಳ್ಳತನದ ಮಾಲು ಇಟ್ಟುಕೊಂಡವಳ ಹಾಗೆ ಪಕ್ಕದವರ ಮುಖ ನೋಡಲು ಆಗಲಿಲ್ಲ.

ಅಂಗಡಿ ಚೆನ್ನಾಗಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪಡಸಾಲೆ ಖಾಲಿಯಾಯಿತು, ಪಾರ್ಸೆಲ್‌ಗಳು ಹೊತ್ತಿಗೆ ಸರಿಯಾಗಿ ಹೋದವು, ಒಮ್ಮೆ ಕೊಂಡವರು ಮತ್ತೆ ಕೊಂಡರು. ಫೋನು ಬಂದಾಗ ಎದೆ ಧಸಕ್ಕೆನ್ನುವುದು ನಿಂತಿತು. ಊಟದ ಹೊತ್ತಿಗೆ ಕೂತು ಊಟ ಮಾಡುತ್ತೇನೆ. ಹೀಗೆ ಒಂದೊಂದು ನೆಮ್ಮದಿ ಸಿಕ್ಕಾಗಲೂ ಹಟ್ಟಿಯ ಹಿತ್ತಲು ನೆನಪಾಗುತ್ತಿತ್ತು. ಅಂಗಡಿ ಕೆಟ್ಟಿದ್ದರೆ ಅವಳ ಮುಂದೆ ಕೂತು ಅಳಬಹುದಿತ್ತು.

ಗಾರ್ಮೆಂಟ್ಸ್‌ನವರು ಅವಳನ್ನು ಸೇರಿಸಿಕೊಂಡರು. ಆದರೆ ಹಳೆಯ ಜಾಗಕ್ಕಲ್ಲ, ಹೊಸದಾಗಿ ಸೇರಿದವರ ಲೈನಿಗೆ. ಮಾವ ಒಂದಷ್ಟು ದಿನ ಯಾರೂ ಕೇಳದಿದ್ದರೂ ನೇಯ್ದರಂತೆ. ಆಮೇಲೆ ಕಣ್ಣು ಮಂಜಾಯಿತು ಎಂದು ನಿಲ್ಲಿಸಿದರು. ಮಗ್ಗದ ಗುಂಡಿಗೆ ಹಲಗೆ ಹಾಸಿ ಅದರ ಮೇಲೆ ರಾಗಿ ಮೂಟೆ ಇಟ್ಟಿದ್ದಾರೆ ಎಂದು ಅವಳೇ ಒಮ್ಮೆ ಫೋನಿನಲ್ಲಿ ಹೇಳಿದಳು, ಮಳೆ ಬೆಳೆಯ ವಿಷಯ ಹೇಳುವ ದನಿಯಲ್ಲೇ.

ಕಳೆದ ತಿಂಗಳು ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಮಗಳ ಕಾಲೇಜಿನ ಕೆಲಸಕ್ಕೆ ಬಂದಿದ್ದಳು. ಮನೆಗೆ ಬಾ ಎಂದೆ. ಊರಿಗೆ ವಾಪಸು ಹೋಗುವ ಗಾರ್ಮೆಂಟ್ಸ್ ವ್ಯಾನು ಇಲ್ಲಿಗೇ ಬರುತ್ತದೆ, ತಪ್ಪಿಸಿಕೊಳ್ಳೋಕೆ ಆಗಲ್ಲ ಎಂದಳು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿದೆವು. ಅವಳ ಬಲಗೈ ತೋರುಬೆರಳಿಗೆ ಮಿಷನ್ನಿನ ಸೂಜಿ ಹೊಕ್ಕು ಉಗುರು ಕಪ್ಪಾಗಿತ್ತು. ನಾನು ನೋಡಿದ್ದನ್ನು ನೋಡಿ ಕೈ ಮಡಚಿಕೊಂಡಳು.

'ನಿನ್ ಅಂಗ್ಡೀಲಿ ಮಾವನ ಫೋಟೋ ಇನ್ನೂ ಐತಲ್ಲೇ' ಎಂದಳು.

ಅಂಗಡಿಯ ಮೊದಲ ಪುಟದಲ್ಲಿ, ನಮ್ಮ ಬಗ್ಗೆ ಎಂದು ಬರೆದ ಕಡೆ, ಮಾವ ಮಗ್ಗದಲ್ಲಿ ಕೂತು ನಗುತ್ತಿರುವ ಫೋಟೋ ಹಾಕಿದ್ದೆ. ಕಂಬಳಿ ತೆಗೆದಾಗ ಅದನ್ನೂ ತೆಗೆಯಬೇಕಿತ್ತು. ತೆಗೆಯಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆ ಫೋಟೋ ನೋಡಿ ಜನಕ್ಕೆ ನಂಬಿಕೆ ಬರುತ್ತಿತ್ತು. ಹಳ್ಳಿಯ ಅಜ್ಜನ ಮುಖ ಚೆನ್ನಾಗಿದೆ ಎಂದು ಎಷ್ಟೋ ಜನ ಬರೆದಿದ್ದರು. ಅವರ ನೇಯ್ಗೆ ಬೇಡವಾಯಿತು, ನಗು ಮಾತ್ರ ಬೇಕಾಗಿತ್ತು.

'ಇವತ್ತೇ ತೆಗೆದುಬಿಡ್ತೀನಿ ಕಣೇ' ಎಂದೆ. 'ತಪ್ಪಾಯ್ತು.'

'ಅಯ್ಯೋ ತೆಗೀಬ್ಯಾಡ' ಎಂದು ನನ್ನ ಮೊಣಕೈ ಹಿಡಿದಳು. 'ಸಂಜೆ ನಾನು ಬಂದ್ಮೇಲೆ, ಫೋನ್ ಕೊಡವ್ವ, ಮಗ್ಗದ್ದು ನೋಡ್ಬೇಕು ಅಂತಾರೆ. ಬಂದೋರಿಗೆಲ್ಲಾ ತೋರಿಸ್ತಾರೆ. ನೇಯ್ದಿಟ್ಟ ಕಂಬ್ಳಿ ಇನ್ನೂ ಊರೂರಿಗೆ ಹೋಯ್ತಾ ಐತೆ ಅಂತ ಅವ್ರ ಲೆಕ್ಕ.'

'ನೀನು ಹೇಳ್ಲಿಲ್ವಾ ಅವ್ರಿಗೆ?'

'ನೇಯೋದು ಬ್ಯಾಡ ಅಂದೆ. ಕಣ್ಣಿಗೆ ಆಗಲ್ಲ ಅಂತ. ಮಾರೋದು ನಿಂತೈತೆ ಅಂತ ಹೇಳೋಕ್ಕೆ ಬಾಯಿ ಬರ್ಲಿಲ್ಲ.'

ವ್ಯಾನು ಬಂತು. ಅವಳು ಲೋಟ ಕೊಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು. 'ಬತ್ತೀನಿ ಕಣೇ. ಯಜಮಾನ್ರನ್ನ ಕೇಳ್ದೆ ಅನ್ನು' ಎಂದು ಹತ್ತಿ, ಕಿಟಕಿಯ ಪಕ್ಕ ಕೂತು ಕೈ ಆಡಿಸಿದಳು.

ಆ ಫೋಟೋ ಇನ್ನೂ ಅಲ್ಲೇ ಇದೆ. ಅದನ್ನು ನೋಡಿ ಆಗಾಗ ಯಾರಾದರೂ, ಕಂಬಳಿ ಸಿಗುತ್ತದೆಯೇ ಎಂದು ಕೇಳುತ್ತಾರೆ. ಸದ್ಯಕ್ಕೆ ಇಲ್ಲ ಎಂದು ಬರೆಯುತ್ತೇನೆ. ಮೊನ್ನೆ ಬರೆದ ಮೇಲೆ 'ಸದ್ಯಕ್ಕೆ' ಎನ್ನುವುದನ್ನು ಅಳಿಸಿ, ಸ್ವಲ್ಪ ಹೊತ್ತು ನೋಡಿ, ಮತ್ತೆ ಸೇರಿಸಿ ಕಳಿಸಿದೆ.