ಹಾಲು ಸುರಿಸುವ ಗಿಡ

ಆ ಗಿಡವನ್ನು ಕೊಂಡ ದಿನ ನನ್ನ ಎಡಗೆನ್ನೆ ಊದಿಕೊಂಡಿತ್ತು. ಹಿಂದಿನ ರಾತ್ರಿ ಗಂಡ ಹೊಡೆದಿದ್ದ. ಶಾಲೆಯಲ್ಲಿ ಹಲ್ಲುನೋವು ಎಂದು ಹೇಳಿದೆ. ಜೊತೆಯ ಟೀಚರುಗಳು ಲವಂಗ ಇಟ್ಟುಕೋ ಎಂದರು. ಕೋರದ ಕಡೆಯ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ, ಮನೆ ತುಮಕೂರಿನ ಮರಳೂರಿನಲ್ಲಿತ್ತು. ಸಂಜೆ ಬಸ್ಸು ತಡವಾಯಿತು. ಹೈವೇ ಪಕ್ಕದಲ್ಲಿದ್ದ ನರ್ಸರಿಯೊಳಗೆ ಹೋದೆ. ಮನೆ ಸೇರುವುದನ್ನು ಇನ್ನಷ್ಟು ಹೊತ್ತು ಮುಂದಕ್ಕೆ ತಳ್ಳಿದರೆ ಸಾಕಾಗಿತ್ತು.

ಡಿಸೆಂಬರಿನ ಚಳಿ. ನಮ್ಮ ಮನೆಗೆ ಬಿಸಿಲು ಬರುವುದು ಪೂರ್ವದ ಒಂದೇ ಕಿಟಕಿಯಿಂದ. ಒಳಗಿಟ್ಟರೂ ಹೂ ಬಿಡುವಂಥದ್ದು ಕೊಡಿ ಎಂದೆ. ನರ್ಸರಿಯವನು ಎರಡು ಬಗೆ ತೋರಿಸಿದ. ಒಂದು ಕಲಾಂಚೋ, ದಪ್ಪ ಎಲೆ, ಗೊಂಚಲು ಗೊಂಚಲಾಗಿ ಸಣ್ಣ ಕಿತ್ತಳೆ ಹೂ. ಇನ್ನೊಂದನ್ನು ಅವನು ಕ್ರಿಸ್ಮಸ್ ಗಿಡ ಎಂದ. ಅದರಲ್ಲಿ ಕೆಂಪಗೆ ಉರಿಯುವುದು ಹೂವಲ್ಲ, ಎಲೆ. ಹೂವೆಂದರೆ ನಡುವೆ ಇರುವ ಮೆಣಸಿನ ಕಾಳಿನಷ್ಟು ಹಳದಿ ಮೊಗ್ಗುಗಳು. ಅರಳಿ ನಿಂತ ಗಿಡಕ್ಕೆ ಮರುಳಾಗಬಾರದು, ಆ ಮೊಗ್ಗು ಇನ್ನೂ ಮುಚ್ಚಿರುವುದನ್ನು ಆರಿಸಬೇಕು. ಎಲೆ ತಿರುಗಿಸಿ ಬೆನ್ನು ನೋಡಬೇಕು, ರಸ ಹೀರುವ ಬಿಳಿ ಹಿಟ್ಟು ತಿಗಣೆ ಅಡಗಿರುವುದು ಅಲ್ಲೇ. ಕುಂಡದ ತಳದ ತೂತು ಮುಚ್ಚಿದೆಯೇ ಎಂದೂ ನೋಡಬೇಕು. ನಾನು ಎಲ್ಲವನ್ನೂ ನೋಡಿದೆ. ಗಂಡು ಒಪ್ಪುವಾಗ ಇಷ್ಟು ತಿರುಗಿಸಿ ಮುರುಗಿಸಿ ನೋಡಲು ನನಗೆ ಯಾರೂ ಬಿಟ್ಟಿರಲಿಲ್ಲ.

ಎರಡನ್ನೂ ತಂದು ಕಿಟಕಿಯಲ್ಲಿಟ್ಟೆ. ಬೆರಳು ಮಣ್ಣಿಗಿಳಿಸಿ ನೋಡುವುದು, ಒಣಗಿದ್ದರೆ ಮಾತ್ರ ನೀರು ಹಾಕುವುದು. ಚಳಿಗಾಲದಲ್ಲಿ ಒಳಗಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಕುಡಿದು ಸಾಯುವುದೇ ಹೆಚ್ಚು. ಹೆಲ್ಮೆಟ್ಟನ್ನು ಟೇಬಲ್ಲಿನ ಮೇಲೆ ಇಡುವ ಸದ್ದಿನಲ್ಲೇ ಗಂಡನ ಮೂಡ್ ತಿಳಿಯುತ್ತಿತ್ತು. ಮೆಲ್ಲಗೆ ಇಟ್ಟರೆ ಊಟ, ಕುಕ್ಕಿದರೆ ಏಟು.

ಸಂಕ್ರಾಂತಿ ಕಳೆದ ವಾರ ಗಂಡ ಹೆಲ್ಮೆಟ್ ಕುಕ್ಕಿದ. ಸಾರಿಗೆ ಉಪ್ಪು ಕಡಿಮೆಯಾಗಿತ್ತಂತೆ. ತಟ್ಟೆಯನ್ನು ಗೋಡೆಗೆ ಎಸೆದ. ನಾನು ಬಗ್ಗಿ ಅನ್ನ ಬಾಚುತ್ತಿದ್ದಾಗ ಬೆನ್ನಿಗೆ ಒದ್ದ. ಎದ್ದು ನಿಂತು, "ಉಪ್ಪಿನ ಡಬ್ಬಿ ಪಕ್ಕದಲ್ಲೇ ಇದೆಯಲ್ಲ" ಎಂದೆ. ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಕಲಾಂಚೋ ಕುಂಡ ಹಾರಿ ಬಂದು ನನ್ನ ಭುಜಕ್ಕೆ ಬಡಿಯಿತು. ಕೂದಲ ತುಂಬ ಮಣ್ಣು, ರವಿಕೆಯೊಳಗೆ ಮಣ್ಣು, ನೆಲದ ಮೇಲೆ ಕಿತ್ತಳೆ ಹೂ. ಅವನು ಅದರ ಮೇಲೇ ತುಳಿದುಕೊಂಡು ಹೋಗಿ ಟೀವಿ ಹಾಕಿದ. ಆ ಹೊತ್ತು ಕೈಗೆ ಮಚ್ಚು ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಸಿಕ್ಕಿದ್ದು ಕಸಪೊರಕೆ. ಗುಡಿಸಿದೆ.

ಯುಗಾದಿಯ ಹೊತ್ತಿಗೆ ಕ್ರಿಸ್ಮಸ್ ಗಿಡದ ಕೆಂಪು ಉದುರಿತು. ಆಗ ಅದನ್ನು ಮೋಟಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಮುಂದಿನ ಸಲ ಕಡ್ಡಿಯಂತೆ ಎದ್ದು ನಿಲ್ಲುತ್ತದೆ. ನಾನು ಕತ್ತರಿ ಹಿಡಿದು ಕೂತಿದ್ದಾಗ ಗಂಡನ ಅಕ್ಕ ಕುಣಿಗಲ್ಲಿನಿಂದ ಬಂದರು. ಕತ್ತರಿಸಿದ ಕಡೆಯೆಲ್ಲ ಬಿಳಿ ಹಾಲು ಜಿನುಗುತ್ತಿತ್ತು. ಆ ಹಾಲು ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ, ಅದಕ್ಕೇ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದೆ. ಅವರು ಬಾಗಿಲಲ್ಲೇ ನಿಂತರು.

"ಅಯ್ಯೋ, ಹಾಲು ಕಣೇ ಇದು! ಕಳ್ಳಿ ಜಾತಿ! ನಡುಮನೇಲಿ ಇಟ್ಕಂಡು ಕೂತಿದ್ದೀಯಲ್ಲ! ಹಾಲು ಸುರ್ಸೋ ಗಿಡ ಒಳಗಿದ್ರೆ ಮನೇಲಿ ನೆಮ್ದಿ ಇರ್ತದಾ? ನನ್ ತಮ್ಮ ಯಾಕೆ ಹಿಂಗಾಡ್ತಾನೆ ಅಂತ ಈಗ ಗೊತ್ತಾಯ್ತು."

"ಗಿಡ ತರೋಕೆ ಮುಂಚೇನೂ ಹೊಡೀತಿದ್ರಲ್ಲ ಅಕ್ಕ."

"ಮುಂಚೆ ಏನೋ ಒಂದೇಟು ಎರಡೇಟು. ಈಗ ಕೈ ಮೀರೈತೆ."

ಆ ಭಾನುವಾರ ನಮ್ಮ ನಡುಮನೆಯಲ್ಲಿ ಪಂಚಾಯ್ತಿ ಕೂತಿತು. ಗಂಡನ ಅಕ್ಕ, ಅವನ ಸೋದರಮಾವ, ಗುಬ್ಬಿಯಿಂದ ನನ್ನ ಅಪ್ಪ, ಅಮ್ಮ. ಗಂಡ ತಲೆ ತಗ್ಗಿಸಿ ಕೂತು, "ಏನೋ ಆಯ್ತದೆ ಮಾವ, ನಂಗೇ ಗೊತ್ತಾಗಲ್ಲ" ಎಂದ. ಎಲ್ಲರೂ ಅಯ್ಯೋ ಪಾಪ ಎಂದರು, ಅವನಿಗೆ. ನನ್ನ ಭುಜದ ಮೇಲೆ ಕುಂಡದ ಅಂಚಿನ ಕಲೆ ಇನ್ನೂ ಇತ್ತು. ಅದನ್ನು ತೋರಿಸು ಎಂದು ಯಾರೂ ಕೇಳಲಿಲ್ಲ. ಗಿಡವನ್ನು ಮಾತ್ರ ನಡುವೆ ಇಟ್ಟು ಸುತ್ತಲೂ ನೋಡಿದರು. ಅದು ಹೊರಗೆ ಹೋಗಬೇಕು, ನಾನು ಹೊಂದಿಕೊಂಡು ಇರಬೇಕು ಎಂದು ತೀರ್ಮಾನವಾಯಿತು. ಬಿಸಾಡುವುದು ಯಾಕೆ, ವಯಸ್ಸಾದವರ ಮನೆಯಲ್ಲಿ ಇನ್ನೇನು ಜಗಳ ಎಂದು ಅಪ್ಪ ಅದನ್ನು ಗುಬ್ಬಿಗೆ ಒಯ್ದ.

ನನಗೂ ಹಾಯೆನಿಸಿತು. ತಪ್ಪು ಗಿಡದ್ದಾದರೆ ಅದನ್ನು ಹೊರಗಿಟ್ಟರೆ ಮುಗಿಯಿತು. ಗಂಡನದ್ದಾದರೆ ಎಲ್ಲಿಡುವುದು? ಮಳೆಗಾಲದವರೆಗೆ ಹೆಲ್ಮೆಟ್ ಮೆಲ್ಲಗೇ ಇಳಿಯುತ್ತಿತ್ತು. ಗಿಡ ಹೋದದ್ದೇ ಮನೆ ಸರಿಹೋಯಿತೆಂದು ಕುಣಿಗಲ್ಲಿನ ಅಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಅಮ್ಮನಿಗೆ ಫೋನಿನಲ್ಲಿ ಗಿಡದ ಪಾಠ ಹೇಳುತ್ತಿದ್ದೆ. ಅಂಗಳದ ಬಿಸಿಲಿಗೆ ಎಲೆ ಸುಟ್ಟಿತೆಂದು ಅವಳು ಅದನ್ನು ನಡುಮನೆಗೆ ತಂದಿಟ್ಟಿದ್ದಳು. ದೀಪಾವಳಿ ಹತ್ತಿರವಾಗುತ್ತಿದ್ದಂತೆ, ಇನ್ನು ದಿನಾ ಸಂಜೆಯಿಂದ ಬೆಳಗಿನವರೆಗೆ ಅದಕ್ಕೆ ಗವ್ವೆನ್ನುವ ಕತ್ತಲೆ ಬೇಕು, ಟ್ಯೂಬ್‌ಲೈಟಿನ ಬೆಳಕು ಬಿದ್ದರೂ ಎಲೆ ಹಸಿರಾಗೇ ಉಳಿಯುತ್ತದೆ ಎಂದೆ.

"ಕೋಳಿ ಮುಚ್ಚಿದಂಗೆ ಮಂಕರಿ ಮುಚ್ತೀನಿ ಬುಡು" ಎಂದಳು. ಆ ಬಿದಿರು ಬುಟ್ಟಿಯ ಮೇಲೆ ಹಳೇ ಕಂಬಳಿಯನ್ನೂ ಹೊದಿಸುತ್ತಿದ್ದಳಂತೆ.

ಗಿಡ ಕೆಂಪಾಗತೊಡಗಿದೆ ಎಂದು ಅವಳು ಹೇಳಿದ ವಾರವೇ ನನ್ನ ಕೈ ಮುರಿಯಿತು. ಗಂಡ ಮೊದಲು ಕೆನ್ನೆಗೆ ಬಿಟ್ಟ. ನಾನು ಅಡುಗೆಮನೆಗೆ ಓಡಿದೆ. ಅವನು ಹಿಂದೆಯೇ ಬಂದು, ಕೈಗೆ ಸಿಕ್ಕ ಕುಕ್ಕರ್ ಎತ್ತಿ ಬೀಸಿದ. ಮುಖಕ್ಕೆ ಅಡ್ಡ ಹಿಡಿದ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಅವನಿಗೂ ಕೇಳಿಸಿರಬೇಕು, ಆದರೂ ಇನ್ನೊಮ್ಮೆ ಬೀಸಿದ. ಪಕ್ಕದ ಮನೆಯವರು ಬಾಗಿಲು ಬಡಿಯದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮಾರನೆಯ ದಿನ ಗುಬ್ಬಿ ಬಸ್ಸು ಹತ್ತಿದೆ.

ಅಮ್ಮ ಕೈ ನೋಡಿದಳು. ಅನ್ನ ಕಲಸಿ ತಿನ್ನಿಸಿದಳು.

ವಾರ ಕಳೆಯುವಷ್ಟರಲ್ಲಿ ಕುಣಿಗಲ್ಲಿನ ಅಕ್ಕ ಮತ್ತು ಸೋದರಮಾವ ಹಣ್ಣು ಹಿಡಿದುಕೊಂಡು ಕಾರಿನಲ್ಲಿ ಬಂದರು. ಗಂಡ ಕಾರಿನಿಂದ ಇಳಿಯಲಿಲ್ಲ. ಈ ಸಲ ತಪ್ಪು ಗ್ಯಾಸ್ ಒಲೆಯದಂತೆ. ಇಡಬಾರದ ದಿಕ್ಕಿಗೆ ಇಟ್ಟಿದ್ದೆನಂತೆ. "ತಿರುಗಿಸಿ ಇಡ್ಸಿದೀವಿ, ಇನ್ನೇನೂ ಆಗಲ್ಲ" ಎಂದರು ಅಕ್ಕ. ಅಪ್ಪ ಗಡ್ಡ ಕೆರೆದುಕೊಂಡ. ಆಮೇಲೆ ನನ್ನ ಕಡೆ ನೋಡದೆ, "ಬಟ್ಟೆ ಜೋಡಿಸ್ಕಳಮ್ಮ" ಎಂದ. ಇನ್ನೊಂದು ಸಲ ಆ ಮನೆಗೆ ಹೋದರೆ ಹೆಣವಾಗಿಯೇ ಹೊರಗೆ ಬರುವುದು ಎಂದು ನನಗೆ ಖಚಿತವಾಗಿತ್ತು, ಆದರೆ ಯಾವತ್ತೂ ಸುಮ್ಮನಿರದ ಬಾಯಿ ಅಪ್ಪನ ಮುಂದೆ ಕಟ್ಟಿಹೋಗಿತ್ತು.

ಹೊತ್ತು ಮುಳುಗಿತ್ತು. ಅಮ್ಮ ಗಿಡಕ್ಕೆ ಮುಚ್ಚಲು ಮಂಕರಿ ಹಿಡಿದು ಬಂದವಳು ಹಾಗೇ ನಿಂತಳು.

"ನೋಡಮ್ಮ, ನೀನು ಹೊರಗಾಕ್ಸಿದ ಗಿಡ ಯುಗಾದಿಯಿಂದ ನಮ್ ನಡುಮನೇಲೈತೆ. ಇವ್ರು ನನ್ ಮೇಲೆ ಕೈ ಮಾಡಿಲ್ಲ" ಎಂದಳು ಅಕ್ಕನಿಗೆ, ಅಪ್ಪನ ಕಡೆ ಕೈ ತೋರಿಸಿ.

"ಇಬ್ರಿಗೂ ವಯಸ್ಸಾಯ್ತಲ್ಲಮ್ಮ" ಎಂದರು ಅಕ್ಕ, ನಗಲು ನೋಡುತ್ತ.

"ಅದೇ ಕಣಮ್ಮ ನಾನು ಹೇಳ್ತಿರೋದು. ವಯಸ್ಸಿತ್ತು, ಆವಾಗ ಹೊಡೀತಿದ್ರು. ಇವಳು ಹೊಟ್ಟೇಲಿದ್ದಾಗ ಒನಕೆ ತಗಂಡು ಸೊಂಟಕ್ಕೆ ಹೊಡೆದ್ರು. ಆವಾಗ ಈ ಮನೇಲಿ ತುಳಸಿ ಬಿಟ್ರೆ ಇನ್ನೊಂದು ಗಿಡ ಇರ್ಲಿಲ್ಲ. ಒಲೇನೂ ಸರಿಯಾದ ದಿಕ್ಕಲ್ಲೇ ಇತ್ತು." ಮಂಕರಿಯನ್ನು ಕೆಳಗಿಟ್ಟಳು. "ಇವಳನ್ನ ಕಳ್ಸಲ್ಲ. ಹೊರಡಿ."

ಮೂವತ್ತು ದಾಟಿದ ನನಗೆ ಈ ಮಾತು ಅವತ್ತಿನವರೆಗೂ ಗೊತ್ತಿರಲಿಲ್ಲ. ನಾನು ಅಪ್ಪನ ಮುಖ ನೋಡಿದೆ, ಒಂದು ಸಲ ಇಲ್ಲ ಅನ್ನಲಿ ಎಂದು. ಅಪ್ಪ ಅನ್ನಲಿಲ್ಲ.