ಅಕ್ಕನ ಬಾಲ್ಕನಿಯ ಕೆಳಗೆ

ನನಗೆ ಬಾಯಿ ಜಾಸ್ತಿ. ಮದುವೆಗೆ ಮೊದಲು ಅಕ್ಕ ಹೇಳುತ್ತಿದ್ದಳು, ಆಮೇಲೆ ನನ್ನ ಗಂಡ ಹೇಳಿದರು. ಇಬ್ಬರ ಮಾತನ್ನೂ ನಾನು ಕಿವಿಗೆ ಹಾಕಿಕೊಂಡವಳಲ್ಲ.

ಬೇಗಂಪೇಟೆಯಲ್ಲಿ ಅಕ್ಕನ ಮನೆಗೂ ನಮ್ಮ ಮನೆಗೂ ಹತ್ತು ನಿಮಿಷದ ದಾರಿ. ರಾಯಚೂರಿನಿಂದ ಈ ತೆಲುಗು ಊರಿಗೆ ಮೊದಲು ಮದುವೆಯಾಗಿ ಬಂದವಳು ಅವಳು. ಭಾವನಿಗೆ ಕೋಠಿಯಲ್ಲಿ ಬಟ್ಟೆ ಅಂಗಡಿ. ಕಷ್ಟ ಬಂದರೆ ತಬ್ಬಿಕೊಂಡು ಅಳಲು ಒಬ್ಬರಾದರೂ ಹತ್ತಿರ ಇರಲಿ ಎಂದು ನನಗೂ ಇಲ್ಲಿಯ ಗಂಡನ್ನೇ ಹುಡುಕಿದಳು. ಅವಳಿಗೆ ಮಕ್ಕಳಿಲ್ಲ. ಅವಳ ಕಷ್ಟಕ್ಕೆ ನಾನು ಎಂಬುದು ಅಂದೇ ತೀರ್ಮಾನವಾದಂತಿತ್ತು.

ಕೊರೊನಾದ ಎರಡನೇ ಅಲೆ ಬಂದು ಮತ್ತೆ ಲಾಕ್‌ಡೌನ್ ಆಯಿತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಹೊರಗೆ ಬರಬಹುದಿತ್ತು. ನನ್ನ ಗಂಡ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು. ನೀವು ರೋಗ ತಂದರೆ ಇವರು ಉಳಿಯುವುದಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಹಾಗಾಗಿ ನಾನು ಯಾರ ಹೊಸ್ತಿಲನ್ನೂ ತುಳಿಯಲಿಲ್ಲ, ಅಕ್ಕನ ಹೊಸ್ತಿಲನ್ನೂ.

ಹಾಲು, ತರಕಾರಿ ತೆಗೆದುಕೊಂಡು ಎಂಟು ಗಂಟೆಗೆ ಅವಳ ಅಪಾರ್ಟ್‌ಮೆಂಟಿನ ಎದುರು ರಸ್ತೆಯ ಆಚೆ ಅಂಚಿಗೆ ನಿಲ್ಲುತ್ತಿದ್ದೆ. ಎರಡನೇ ಮಹಡಿಯ ಬಾಲ್ಕನಿಗೆ ಅಕ್ಕ ಚಹಾದ ಲೋಟ ಹಿಡಿದು ಬರುತ್ತಿದ್ದಳು. ಆ ಗಲ್ಲಿಯಲ್ಲಿ ಮೂವತ್ತು ವರ್ಷ ನಾವು ತೆಲುಗೋ ಹಿಂದಿಯೋ ಆಡಿದವರು, ಕನ್ನಡವೇನಿದ್ದರೂ ಬಾಗಿಲ ಒಳಗೆ. ಈಗ ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕನ್ನಡ ಆಡತೊಡಗಿದೆವು. ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂಬ ಧೈರ್ಯ. ಭಾವನ ಮಲಬದ್ಧತೆಯಿಂದ ಹಿಡಿದು ನನ್ನ ಸೊಸೆಯ ಅಡುಗೆಯವರೆಗೆ ಏನನ್ನೂ ಬಿಡಲಿಲ್ಲ. ಭಾವ ಒಳಗಿನಿಂದ, "ನಿಮ್ಮ ಮಾತು ಅಬಿಡ್ಸ್ ಬಜಾರ ತನಕಾ ಕೇಳಸ್ತಾವ" ಎಂದು ರೇಗಿಸುತ್ತಿದ್ದರು.

ಆ ಅಪಾರ್ಟ್‌ಮೆಂಟಿನ ವಾಚ್‌ಮನ್ನನ ಹೆಂಡತಿ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಇರುತ್ತಿದ್ದಳು. ಎಲ್ಲರ ಮನೆಗೆ ಹಾಲು, ಔಷಧಿ ತಂದುಕೊಡುವವಳು ಅವಳೇ. ಎಲ್ಲರ ಜೊತೆ ತೆಲುಗು. ಒಂದು ಬೆಳಿಗ್ಗೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೇಟಿನ ಮುಂದೆ ಕಸ ಗುಡಿಸುತ್ತಿದ್ದಾಗ ನಾನು ಅಲ್ಲಿಂದಲೇ ಕೂಗಿದೆ:

"ಅಕ್ಕಾ, ಆಕಿನ್ನ ಬಾಗಲ ತನಕಾ ಬಿಟ್ಕೋಬ್ಯಾಡ. ಊರೆಲ್ಲಾ ತಿರಗೂ ಮಂದಿ. ನಿಮ್ಮನಿಗೆ ರೋಗ ತಂದ್ರ ಇವ್ರ ತರ್ತಾರ ನೋಡು."

ಅವಳು ತಲೆ ಎತ್ತಲಿಲ್ಲ, ಪೊರಕೆಯೂ ನಿಲ್ಲಲಿಲ್ಲ. ಮರುದಿನದಿಂದ ಹಾಲಿನ ಪ್ಯಾಕೆಟ್ಟನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು ಹೋಗತೊಡಗಿದಳು. ಅಕ್ಕ ಹೇಳಿರಬೇಕು, ಬುದ್ಧಿ ಬಂತು ಎಂದು ನಾನು ಖುಷಿಪಟ್ಟೆ.

ಮುಂದಿನ ವಾರ ಅಕ್ಕನ ಬಿ.ಪಿ. ಮಾತ್ರೆ ಮುಗಿಯಿತು. ಚೀಟಿ ಒಯ್ಯಲು ಆ ಹೆಂಗಸು ಮೇಲೆ ಬರುತ್ತಿರಲಿಲ್ಲ, ಕರೆಯಲು ಅಕ್ಕನಿಗೂ ನನ್ನ ಮಾತು ಅಡ್ಡ ಬಂತು. ನನಗೂ ಹೇಳದೆ ಭಾವ ತಾವೇ ಪರಿಚಯದ ಔಷಧಿ ಅಂಗಡಿಗೆಂದು ಕೋಠಿಗೆ ಹೋಗಿ ಮಾತ್ರೆ ತಂದರು. ಐದನೇ ದಿನ ಜ್ವರ ಕಾಣಿಸಿಕೊಂಡಿತು. ಅಲ್ಲಿಯೇ ಅಂಟಿತೋ ಇಲ್ಲವೋ ದೇವರಿಗೇ ಗೊತ್ತು. ನಾನು ಮಾತ್ರ ಅಲ್ಲಿಯೇ ಎಂದುಕೊಂಡಿದ್ದೇನೆ, ಇಂದಿಗೂ.

ಅವರನ್ನು ಆಸ್ಪತ್ರೆಗೆ ಒಯ್ದರು. ಅಕ್ಕನಿಗೂ ಕೆಮ್ಮಿತ್ತು, ಮನೆಯಲ್ಲೇ ಇರಿ ಎಂದು ಆರೋಗ್ಯ ಇಲಾಖೆಯವರು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಆರನೇ ದಿನ ಬೆಳಿಗ್ಗೆ ಫೋನು ಬಂತು. ಭಾವ ಹೋಗಿಬಿಟ್ಟಿದ್ದರು. ಹೆಣ ಮನೆಗೆ ಕೊಡುವುದಿಲ್ಲ, ಆಸ್ಪತ್ರೆಯವರೇ ಸುಡುತ್ತಾರಂತೆ.

ನಾನು ಓಡಿದೆ. ಅಕ್ಕ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದಳು. ಕೂದಲು ಬಿಚ್ಚಿತ್ತು, ಬಾಯಿ ತೆರೆದಿತ್ತು, ಅಳು ಹೊರಡುತ್ತಿರಲಿಲ್ಲ. ನಮ್ಮ ಕಡೆ ಸಾವಾದರೆ ಒಡಹುಟ್ಟಿದವಳು ಬಂದು ಕೊರಳಿಗೆ ಬಿದ್ದ ಮೇಲೆಯೇ ಅಳು ಬಾಯಿಬಿಡುತ್ತದೆ. ಹೋದವರ ಒಂದೊಂದೇ ಗುಣ ಎತ್ತಿ ಹಾಡಿಕೊಂಡು ಅಳಬೇಕು, ಒಬ್ಬರು ನಿಲ್ಲಿಸಿದಲ್ಲಿ ಇನ್ನೊಬ್ಬರು ಹಿಡಿಯಬೇಕು. ನಾನು ರಸ್ತೆ ದಾಟಿ ಗೇಟಿನವರೆಗೆ ಹೋದೆ. ಗೇಟಿನ ಮೇಲೆ ಕೈಯಿಟ್ಟೆ. ಡಯಾಲಿಸಿಸ್ ಸೂಜಿ ಚುಚ್ಚಿಸಿಕೊಂಡು ಊದಿಕೊಂಡಿದ್ದ ಗಂಡನ ಕೈ ಕಣ್ಣ ಮುಂದೆ ಬಂತು. ಕಾಲು ಮುಂದೆ ಹೋಗಲಿಲ್ಲ.

"ಬರಬ್ಯಾಡ ತಂಗಿ," ಎಂದು ಅಕ್ಕ ಮೇಲಿನಿಂದ ಕೈಯಾಡಿಸಿದಳು. ಬಾ ಎಂದಿದ್ದರೆ ಹೋಗುತ್ತಿದ್ದೆನೇನೋ. ಸುಳ್ಳು, ಹೋಗುತ್ತಿರಲಿಲ್ಲ.

ವಾಚ್‌ಮನ್ನನ ಹೆಂಡತಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡು, ನನ್ನ ಪಕ್ಕದಲ್ಲೇ ಹಾದು, ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿಗೆ ಬಾಲ್ಕನಿಯಲ್ಲಿ ಕಂಡಳು. ಅಕ್ಕನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ಬೆನ್ನು ಸವರತೊಡಗಿದಳು.

"ಅಳ್ರೀ ಅಕ್ಕಾರ. ಒಳಗ ಇಟ್ಗೋಬ್ಯಾಡ್ರಿ. ಎಂಥಾ ಯಜಮಾನ್ರು ಹೋಗಿಬಿಟ್ರಿ, ಎಂದೂ ಒಂದ ಬಿರಸ ಮಾತ ಆಡಲಿಲ್ರಿ..."

ಅಚ್ಚ ನಮ್ಮ ಕಡೆಯ ಕನ್ನಡ. ಅಕ್ಕನ ಅಳು ಆಗ ಹೊರಬಿತ್ತು, ಇಡೀ ಗಲ್ಲಿಯ ಕಿಟಕಿಗಳು ತೆರೆಯುವಷ್ಟು. ಇಬ್ಬರೂ ಹಾಡಿಕೊಂಡು ಅತ್ತರು. ನಾನು ಕೆಳಗೆ ಹಾಲಿನ ಚೀಲ ಹಿಡಿದು ನಿಂತಿದ್ದೆ. ಇಷ್ಟು ದಿನ ನಾನು ಆಡಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು ಎಂಬುದು ಆಗ ಹೊಳೆಯಿತು. ಹತ್ತು ಗಂಟೆಗೆ ಪೊಲೀಸರ ಸೀಟಿ ಕೇಳಿ ಮನೆಗೆ ಬಂದೆ.

ಅಕ್ಕನ ಕ್ವಾರಂಟೈನ್ ದಿನಗಳು ಮುಗಿದು, ಬಾಗಿಲಿನ ಚೀಟಿ ತೆಗೆದ ಮೇಲೆ ಹೋದೆ. ಗೇಟಿನಲ್ಲಿ ಅವಳೇ ಸಿಕ್ಕಳು. ಲಿಂಗಸುಗೂರು ಕಡೆಯವಳಂತೆ.

"ಅವತ್ತ ನಾ ಅಂದದ್ದು ಕೇಳಸಿತ್ತೇನವ್ವಾ?"

"ಕೇಳಸಿತ್ರಿ. ನಿಮ್ಮ ಅಂಜಿಕಿ ನಿಮಗ. ನನಗೂ ಅಂಜಿಕಿ ಇತ್ರಿ."

"ಮತ್ತ ಮ್ಯಾಲ ಯಾಕ ಹ್ವಾದಿ?"

"ಅಕ್ಕಾರು ಒಬ್ಬರ ನಿಂತಿದ್ರಲ್ರಿ," ಎಂದು ಬಕೆಟ್ಟು ಎತ್ತಿಕೊಂಡು ಹೋದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಇಷ್ಟು ದೊಡ್ಡ ಬಾಯಿಯಿಂದ ಒಂದು ಮಾತೂ ಹೊರಡಲಿಲ್ಲ.

ಮೇಲೆ ಅಕ್ಕ ಬಾಗಿಲು ತೆರೆದಳು. ಅರ್ಧ ಆಗಿದ್ದಳು. ದಾರಿಯುದ್ದಕ್ಕೂ ಅಳು ತಡೆದುಕೊಂಡು ಬಂದ ನಾನು ಅವಳ ಕೊರಳಿಗೆ ಬೀಳಲು ಎರಡೂ ಕೈ ಚಾಚಿದೆ. ಅವಳ ಕಣ್ಣು ಒಣಗಿದ್ದವು.

"ನಂದು ಅತ್ತು ಮುಗದೈತಿ ತಂಗಿ," ಎಂದಳು. "ನೀ ಅಳೂದಿದ್ರ ಅಳು. ನಾ ಹಿಡಕೋತೀನಿ."