ಪಾರ್ಸೆಲ್ಲೂ ಅತ್ತೆಯ ಒಗೆಯದ ಸೀರೆಯೂ

ಇವತ್ತು ಬೆಳಿಗ್ಗೆ ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬುತ್ತಿದ್ದೆ. ದಿವಾನದ ಅಡಿಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಅತ್ತೆಯ ಹಳೆಯ ನೀಲಿ ಸೀರೆಯೂ ಕೈಗೆ ಬಂತು. ಅದರ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಒಂದಿಷ್ಟು ಬಂಗುಡೆ, ಒಂದಿಷ್ಟು ಮಂಡಿನೋವಿನ ಎಣ್ಣೆ, ಉಳಿದದ್ದೆಲ್ಲ ಬೆಕ್ಕು. ಎರಡು ಬೆರಳಲ್ಲಿ ಎತ್ತಿ ಇನ್ನೇನು ಮೆಷಿನ್ನಿಗೆ ಹಾಕಬೇಕು, ಅಡಿಗೆಮನೆಯಿಂದ ಕೂಗು ಬಂತು.

“ಅದನ್ನು ಒಗೀಬೇಡ ಮಾರಾಯ್ತಿ!”

ನನ್ನ ಅತ್ತೆಯನ್ನು ಬಲ್ಲವರು ಯಾರೂ ಈ ಮಾತನ್ನು ನಂಬಲಾರರು. ಉಡುಪಿಯ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವರು ಅವರು. ಮಾವನ ಸಣ್ಣ ಹೋಟೆಲಿನ ಟೇಬಲ್ ಒರೆಸುವ ಬಟ್ಟೆಗಳನ್ನೂ ಕೆಲಸದವರ ಅಂಗಿಗಳನ್ನೂ ಮನೆಯಲ್ಲೇ ಒಗೆದು ಒಣಗಿಸಿದ ಕೈ. “ಬಟ್ಟೆ ನಾರಿದ್ರೆ ಗಿರಾಕಿಗೆ ಸಾಂಬಾರಿನ ಮೇಲೆ ಸಂಶಯ ಬರ್ತದೆ” ಎಂಬುದು ಅವರ ಸಿದ್ಧಾಂತ. ಮಾವ ಹೋದರು, ಹೋಟೆಲು ಹೋಯಿತು, ನಾವು ಸಾನಪಾಡಾದ ಫ್ಲ್ಯಾಟಿಗೆ ಬಂದೆವು. ಸಿದ್ಧಾಂತ ಮಾತ್ರ ಗಟ್ಟಿಯಾಗಿ ನಮ್ಮ ಜೊತೆಗೇ ಬಂತು. ನೆಲದ ಮೇಲೆ ಬಟ್ಟೆ ಕಂಡರೆ ಅದರ ಕಥೆ ಮುಗಿದಂತೆಯೇ. ಒಮ್ಮೆ ನೆಂಟರೊಬ್ಬರು ಸೆಖೆಗೆಂದು ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ ಊಟಕ್ಕೆ ಕೂತರು. ಕೈ ತೊಳೆದು ಬರುವಷ್ಟರಲ್ಲಿ ಅಂಗಿ ಬಾಲ್ಕನಿಯ ಹಗ್ಗದ ಮೇಲೆ ನೀರು ಸುರಿಸುತ್ತಿತ್ತು. ಪಾಪ, ಸಂಜೆಯವರೆಗೂ ಅವರು ನನ್ನ ಗಂಡನ ಬನಿಯನ್ನಿನಲ್ಲಿ ಕೂತು ರಾಜಕೀಯ ಮಾತಾಡಿದರು.

ಇಂಥ ಅತ್ತೆ ಈಗ ಒಂದು ಸೀರೆಯನ್ನು ಒಗೆಯಬೇಡ ಅನ್ನುತ್ತಾರೆಂದರೆ ಅದಕ್ಕೆ ಕಾರಣ ಪಾರ್ಸೆಲ್. ಪಾರ್ಸೆಲ್ ಅಂದರೆ ಬೆಕ್ಕು.

ನಮ್ಮಲ್ಲಿ ಮೊದಲಿನಿಂದಲೂ ಎರಡು ಬೆಕ್ಕುಗಳಿವೆ. ವಾಶಿಯ ಹೋಟೆಲೊಂದನ್ನು ನೋಡಿಕೊಳ್ಳುವ ನನ್ನ ಗಂಡನಿಗೆ ಹೋಟೆಲು ಬಿಟ್ಟರೆ ಬೇರೆ ಹೆಸರು ಹೊಳೆಯುವುದಿಲ್ಲ. ಬೂದು ಪಟ್ಟೆಯ ಗಂಡು ಬೆಕ್ಕು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಬರುವವರನ್ನೂ ಹೋಗುವವರನ್ನೂ ಒಂದೇ ಅಸಮಾಧಾನದಿಂದ ನೋಡುತ್ತದೆ, ಅದು ಮೆನೇಜರ್. ಬಿಳಿಯ ಹೆಣ್ಣು ಬೆಕ್ಕು ಏನೇ ಸಿಕ್ಕಿದರೂ ಅದರ ಮೇಲೆ ಕೂರುತ್ತದೆ, ಕೂತದ್ದನ್ನು ಬಿಟ್ಟುಕೊಡುವುದಿಲ್ಲ, ಅದು ಕ್ಯಾಶಿಯರ್. ಮನೆ ನಡೆಯುತ್ತಿದ್ದದ್ದು ಇವರಿಬ್ಬರಿಂದ. ನಾವು ಅಡಿಗೆ ಮಾಡಿ ಬಡಿಸುತ್ತಿದ್ದೆವು.

ಹಿಂದೊಂದು ಮಳೆಗಾಲದ ಶುರುವಿನಲ್ಲಿ ಒಂದು ಸಂಜೆ ಮಗಳು ಶ್ರೇಯಾ ಮಹಾಪೆಯ ಆಫೀಸಿನಿಂದ ಬರುವಾಗ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದಳು. ಪೆಟ್ಟಿಗೆ ತಾನಾಗಿ ಅಲುಗುತ್ತಿತ್ತು, ಒಳಗಿಂದ ಕುಕ್ಕರಿನ ಹಾಗೆ ಬುಸುಗುಟ್ಟುವ ಸದ್ದು ಬೇರೆ. ಆಫೀಸಿನ ಹಿಂದೆ ಹೊಸ ಕಟ್ಟಡಕ್ಕೆಂದು ಪೈಪುಗಳನ್ನು ರಾಶಿ ಹಾಕಿದ್ದರಂತೆ. ಮರಿ ಹುಟ್ಟಿ ಬೆಳೆದದ್ದು ಅದರೊಳಗೆ, ತಾಯಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ದಿನ ಪೈಪುಗಳನ್ನೆಲ್ಲ ಎತ್ತಿಬಿಟ್ಟರು. ಇವಳು ಟವೆಲ್ ಹಾಕಿ ಹಿಡಿಯಲು ಹೋದಾಗ ಅಲ್ಲಿ ಕೆಲಸ ಮಾಡುತ್ತಿದ್ದ ವಿಜಯಪುರದ ಹೆಂಗಸೊಬ್ಬಳು, “ಕೈ ಹಾಕಬ್ಯಾಡ್ರೀ ಅಕ್ಕಾರ, ಅದು ಬೆಕ್ಕಲ್ಲ, ಹುಲಿ ಐತಿ” ಎಂದು ಎಚ್ಚರಿಸಿದ್ದಳಂತೆ. ಹುಲಿ ಮಗಳ ಮೊಣಕೈಯವರೆಗೂ ಸಹಿ ಹಾಕಿತ್ತು. ಡಾಕ್ಟರರ ಬಳಿ ಇವಳಿಗೊಂದು ಸೂಜಿ, ಅದಕ್ಕೊಂದು ಸೂಜಿ ಆಗಿ ಇಬ್ಬರೂ ಮನೆಗೆ ಬಂದಿದ್ದರು.

“ಇದು ಯಾವುದು ಪಾರ್ಸೆಲ್?” ಎಂದು ನನ್ನ ಗಂಡ ಕೇಳಿದರು. ಹೆಸರಿಡುವ ಶಾಸ್ತ್ರ ಅಷ್ಟಕ್ಕೇ ಮುಗಿಯಿತು.

ಶ್ರೇಯಾ ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ. “ಮಮ್ಮೀ, ಸೀದಾ ಹಾಲ್ ಮೇ ಮತ್ ಛೋಡೋ. ಪೆಹಲೇ ಸ್ಮೆಲ್, ಫಿರ್ ಆವಾಜ್, ಫಿರ್ ಶಕಲ್” ಅಂದಳು. ಮೊದಲು ವಾಸನೆಯ ಪರಿಚಯ, ಆಮೇಲೆ ದನಿಯದು, ಕೊನೆಗೆ ಮುಖದರ್ಶನ. ಅಲ್ಲಿಯವರೆಗೆ ಪಾರ್ಸೆಲ್ ಸಣ್ಣ ಬಾತ್‌ರೂಮಿನಲ್ಲಿ ಇರಬೇಕು. ನನ್ನ ಮದುವೆಗೂ ಇಷ್ಟು ಹಂತಗಳಿರಲಿಲ್ಲ.

ಅತ್ತೆಗೆ ಇದು ಸರಿ ಬರಲಿಲ್ಲ. “ಮನೆಗೆ ಬಂದವರನ್ನು ಬಾತ್‌ರೂಮಿನಲ್ಲಿ ಕೂರಿಸುವುದಾ? ಎಂಥ ಮರ್ಯಾದೆ ಇದು? ಒಮ್ಮೆ ಎಲ್ಲರ ಎದುರು ಬಿಡಿ, ಅವರವರೇ ಮಾತಾಡ್ಕೊಳ್ತಾರೆ” ಎಂದವರು, ಮರುದಿನ ಮಗಳು ಆಫೀಸಿಗೆ ಹೋದದ್ದೇ ತಡ, ಬಾಗಿಲು ತೆರೆದರು. ಪಾರ್ಸೆಲ್ ಬಾಣದ ಹಾಗೆ ಬಂದು ಪರದೆ ಹತ್ತಿತು. ಕ್ಯಾಶಿಯರ್ ನಾವು ಎಂದೂ ಕೇಳಿರದ ಕರ್ಕಶ ದನಿ ತೆಗೆದಳು. ಮೆನೇಜರ್ ಫ್ರಿಜ್ಜಿನ ಮೇಲಕ್ಕೆ ಹಾರಿ, ಹೋಗುವ ದಾರಿಯಲ್ಲಿ ಇಸ್ತ್ರಿ ಮಾಡಿಟ್ಟಿದ್ದ ಇವರ ಪ್ಯಾಂಟಿಗೆ ಅಭಿಷೇಕ ಮಾಡಿದ. ಪರದೆಯಿಂದ ಪಾರ್ಸೆಲ್ಲನ್ನು ಬಿಡಿಸಲು ನಾನು ಸ್ಟೂಲ್ ಹತ್ತಬೇಕಾಯಿತು. ಅತ್ತೆ ಮಾತ್ರ ಏನೂ ಆಗದವರ ಹಾಗೆ ಪ್ಯಾಂಟು ಒಗೆಯಲು ಹೋದರು.

ನಗುವ ಮಾತು ಅಲ್ಲಿಗೆ ಮುಗಿಯಿತು. ಮೆನೇಜರ್ ಊಟ ಬಿಟ್ಟ. ಬಂಗುಡೆಯ ತಲೆ ಇಟ್ಟರೂ ಮೂಸಿ ಮುಖ ತಿರುಗಿಸುತ್ತಿದ್ದ. ಪಕ್ಕೆಯ ಎಲುಬು ಕೈಗೆ ಸಿಗಲು ತೊಡಗಿತು. ವಯಸ್ಸಾದ ಬೆಕ್ಕು, ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರರು ಹೇಳಿದರು. ಉಳಿದ ಒಂದೇ ಬಾತ್‌ರೂಮಿನ ಎದುರು ಸಾಲು ನಿಂತು ಮೊದಲೇ ಬೇಸತ್ತಿದ್ದ ಇವರು ತೀರ್ಪು ಕೊಟ್ಟರು: “ನೋಡು, ಚೌತಿಗೆ ಗಣಪತಿ ತರ್ತೇವೆ, ಮನೆ ತುಂಬ ಜನ ಬರ್ತಾರೆ. ಅದರ ಒಳಗೆ ಸರಿಯಾಗದಿದ್ರೆ ಪಾರ್ಸೆಲ್ ವಾಪಸ್. ಇದ್ದವನನ್ನು ಕೊಂದು ಬಂದವನನ್ನು ಸಾಕ್ಲಿಕ್ಕೆ ಆಗುದಿಲ್ಲ.”

ವಾಪಸ್ ಎಲ್ಲಿಗೆ? ಆ ಪೈಪುಗಳೇ ಇರಲಿಲ್ಲ. ಇವರ ಮಾತಿನಲ್ಲಿ ತಪ್ಪೂ ಇರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಹಾಗಾಗಿ ಮಗಳ ಶಾಸ್ತ್ರವನ್ನೇ ಹಿಡಿದೆವು. ಪಾರ್ಸೆಲ್ ಮಲಗಿದ ಬಟ್ಟೆಯನ್ನು ದೊಡ್ಡ ಬೆಕ್ಕುಗಳ ತಟ್ಟೆಯ ಬಳಿ ಹಾಸುವುದು, ದೊಡ್ಡವರ ಬಟ್ಟೆಯನ್ನು ಬಾತ್‌ರೂಮಿಗೆ ಹಾಕುವುದು. ವಾಸನೆ ಅಭ್ಯಾಸವಾದರೆ ಅರ್ಧ ನೆಂಟಸ್ತನ ಆದಂತೆ. ಶ್ರೇಯಾ ಬೆಳಿಗ್ಗೆ ಬೆಕ್ಕುಗಳ ಬಟ್ಟೆ ಅದಲುಬದಲು ಮಾಡಿ ಆಫೀಸಿಗೆ ಹೋಗುತ್ತಿದ್ದಳು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಗೂ ಅಡಿಗೆಮನೆಗೂ ಓಡಾಡುತ್ತಿದ್ದೆ. ಬಾತ್‌ರೂಮಿನ ಹೊರಗೆ ಕೂತು ಆ ವಿಜಯಪುರದ ಹೆಂಗಸಿನ ಹಾಗೆ “ಬಾರೋ ತಮ್ಮಾ” ಎಂದೂ ಕರೆದು ನೋಡಿದೆ. ನನ್ನ ಉತ್ತರ ಕರ್ನಾಟಕದ ಉಚ್ಚಾರಣೆ ಅದಕ್ಕೆ ಹಿಡಿಸಲಿಲ್ಲ. ದಿನಗಳು ಉರುಳಿದವು, ಬಾಗಿಲು ಸ್ವಲ್ಪ ಸರಿಸಿದರೆ ಸಾಕು, ಎರಡೂ ಕಡೆಯಿಂದ ಅದೇ ಬುಸ್. ಚೌತಿ ಹತ್ತಿರ ಬರುತ್ತಿತ್ತು. ಶ್ರೇಯಾ ಮೊಬೈಲಿನಲ್ಲಿ ಯಾರು ಯಾರನ್ನೋ ಕೇಳುತ್ತಿದ್ದಳು, ಮರಿಯನ್ನು ಯಾರಾದರೂ ಇಟ್ಟುಕೊಳ್ಳುತ್ತೀರಾ ಎಂದು. ಯಾರೂ ಹೂಂ ಅನ್ನಲಿಲ್ಲ.

ಒಂದು ರಜೆಯ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬಾಲ್ಕನಿಗೆ ಹೋದ ಶ್ರೇಯಾ ಅಲ್ಲಿಂದಲೇ ಕಿರುಚಿದಳು. ಹೋಗಿ ನೋಡಿದರೆ ಹಗ್ಗದ ಮೇಲೆ ಬೆಕ್ಕುಗಳ ಎರಡೂ ಬಟ್ಟೆ ಕ್ಲಿಪ್ಪು ಹಾಕಿಸಿಕೊಂಡು ಗಾಳಿಗೆ ಆಡುತ್ತಿದ್ದವು. ಮೂಸಿದರೆ ಸಾಬೂನು, ಅದರ ಮೇಲೆ ಡೆಟಾಲು.

“ಆಜೀ, ರೋಜ್ ಧೋತೀ ಹೋ ಕ್ಯಾ?” ದಿನಾ ಒಗೆಯುತ್ತೀರಾ ಎಂದು ಅವಳು ಅಳುವ ದನಿಯಲ್ಲಿ ಕೇಳಿದಳು.

“ಮತ್ತೆ? ನೆಲದ ಮೇಲೆ ಬಿದ್ದದ್ದು, ಬೆಕ್ಕು ಮಲಗಿದ್ದು. ನೀನು ಅತ್ತ ಹೋದ ಕೂಡ್ಲೆ ಒಗೆದು, ಫ್ಯಾನಿನಲ್ಲಿ ಒಣಗಿಸಿ, ಪುನಃ ಅಲ್ಲೇ ಇಡ್ತೇನೆ. ನಾನು ಇಲ್ಲದಿದ್ರೆ ಈ ಮನೆ ಗಬ್ಬು ನಾರ್ತಿತ್ತು.”

ಅಂದರೆ ಇಷ್ಟು ದಿನವೂ ನಮ್ಮ ಬೆಕ್ಕುಗಳು ಭಕ್ತಿಯಿಂದ ಪರಸ್ಪರ ಪರಿಚಯ ಮಾಡಿಕೊಂಡದ್ದು ಡೆಟಾಲಿನ ಜೊತೆಗೆ! ನನಗೆ ನಗು ತಡೆಯಲಾಗಲಿಲ್ಲ. ಮಗಳು ಮಾತ್ರ ನಗಲಿಲ್ಲ. ವಾಸನೆಯೇ ಅವುಗಳ ಗುರುತು, ವಾಸನೆ ತೊಳೆದರೆ ಅವಕ್ಕೆ ತಾವು ಎಲ್ಲಿದ್ದೇವೆಂದೇ ಗೊತ್ತಾಗುವುದಿಲ್ಲ ಎಂದು ಅವಳು ಅಜ್ಜಿಗೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ವಿವರಿಸಿದಳು. ಅತ್ತೆ ಕ್ಲಿಪ್ಪು ಕೈಯಲ್ಲಿ ಹಿಡಿದು ಕೇಳುತ್ತ ನಿಂತರು.

ನನಗೂ ಆಗ ಒಂದು ನೆನಪು ಬಂತು. ಮದುವೆಯಾಗಿ ಡೊಂಬಿವಲಿಯ ಚಾಳಿನ ಆ ಒಂದೂವರೆ ಕೋಣೆಯ ಮನೆಗೆ ಬಂದ ಮರುದಿನ ಎದ್ದು ನೋಡಿದರೆ ಗ್ಯಾಲರಿಯ ಉದ್ದಕ್ಕೂ ನನ್ನ ಸೀರೆಗಳು ನೇತಾಡುತ್ತಿದ್ದವು. ಉಟ್ಟದ್ದು, ಉಡದ್ದು, ಎಲ್ಲವೂ. ಬಸ್ಸಿನ ಧೂಳು ಅಂದರು ಅತ್ತೆ. ಅಮ್ಮನ ಮನೆಯ ಒಲೆಹೊಗೆ, ಸೀಗೆಪುಡಿ, ಕಪಾಟಿನಲ್ಲಿಡುತ್ತಿದ್ದ ಒಣ ಕೇದಗೆ, ಯಾವುದೂ ಉಳಿಯಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಹೊರಗೆ ಮೈದುನಂದಿರು ಸಾಲು ನಿಂತಿದ್ದರಿಂದ ಅಳುವನ್ನೂ ಬೇಗ ಮುಗಿಸಬೇಕಾಯಿತು. ಟ್ರಂಕಿನ ತಳದಲ್ಲಿ ಅಮ್ಮನ ಸೀರೆಯಿಂದ ಹೊಲಿದ ಒಂದು ತಲೆದಿಂಬಿನ ಚೀಲ ಮಾತ್ರ ಹೇಗೋ ತಪ್ಪಿಸಿಕೊಂಡಿತ್ತು. ಊಟವಾದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದಾಗ ಟ್ರಂಕಿನ ಮುಚ್ಚಳ ಸ್ವಲ್ಪವೇ ಎತ್ತಿ ಅದಕ್ಕೆ ಮೂಗು ಒಡ್ಡುತ್ತಿದ್ದೆ. ಅದರ ಬಲದಲ್ಲೇ ನಾನು ಆ ಮೊದಲ ವರ್ಷ ಕಳೆದದ್ದು.

ಮರುದಿನ ಅತ್ತೆ ತಾವು ಹೊದೆದು ಮಲಗುವ ನೀಲಿ ಸೀರೆಯನ್ನು ತಂದು ಮಗಳ ಕೈಗಿಟ್ಟರು. ಮೆನೇಜರನೂ ಕ್ಯಾಶಿಯರೂ ಹಗಲೆಲ್ಲ ಬಿದ್ದುಕೊಳ್ಳುತ್ತಿದ್ದದ್ದು ಅದರ ಮೇಲೆಯೇ. “ಒಗೀಲಿಲ್ಲ. ಹಾಗೇ ಉಂಟು. ಅದಕ್ಕೆ ಕೊಡು” ಅಂದವರು, ಏನೋ ಅಪರಾಧ ಮಾಡಿದವರ ಹಾಗೆ ಕೈ ತೊಳೆಯಲು ಹೋದರು.

ಆ ಸೀರೆ ಬಾತ್‌ರೂಮಿಗೂ ಹಾಲಿಗೂ ಓಡಾಡಿತು. ದಿನ ಹೋದಂತೆ ನಾರುವುದು ಹೆಚ್ಚಿತು. ಅತ್ತೆ ಅದನ್ನು ದಾಟುವಾಗ ದೇವರ ಹೆಸರು ಹೇಳುತ್ತಿದ್ದರು, ಮುಟ್ಟಲಿಲ್ಲ. ಬುಸುಗುಟ್ಟುವುದು ಮೊದಲು ಗೊಣಗಾಟವಾಯಿತು, ಆಮೇಲೆ ಅದೂ ನಿಂತಿತು. ಚೌತಿಯ ಮುನ್ನಾದಿನ ಬಾಗಿಲು ಪೂರ್ತಿ ತೆರೆದೆವು. ಪಾರ್ಸೆಲ್ ಸೀರೆಯ ಸೆರಗಿನ ಮೇಲೆ ನಿಂತಿತ್ತು. ಮೆನೇಜರ್ ಹತ್ತಿರ ಬಂದ, ಸೀರೆ ಮೂಸಿದ, ಮರಿಯನ್ನು ಮೂಸಿದ, ಪುನಃ ಸೀರೆ ಮೂಸಿದ. ಆಮೇಲೆ ಉಗುರು ಹೊರಗೆ ತೆಗೆಯದೆ ಅದರ ತಲೆಗೆ ಪಟ್ ಎಂದು ಒಂದು ಕೊಟ್ಟ.

“ಆಯ್ತು ಬಿಡು” ಅಂದರು ಅತ್ತೆ, “ಇದು ಮನೆಯವರಿಗೆ ಕೊಡುವ ಪೆಟ್ಟು.”

ಮೆನೇಜರ್ ಹೋಗಿ ತಟ್ಟೆಯಲ್ಲಿದ್ದ ಬಂಗುಡೆಯನ್ನು ಮುಳ್ಳಿನ ಸಮೇತ ಮುಗಿಸಿದ. ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಖಾಲಿಯಾದ ಬಾತ್‌ರೂಮಿಗೆ ಹೊಕ್ಕರು.

ಇದೆಲ್ಲ ಆಗಿ ಎರಡು ಮಳೆಗಾಲ ಕಳೆದಿದೆ. ಪಾರ್ಸೆಲ್ ಈಗ ಮೆನೇಜರನಿಗಿಂತ ದಪ್ಪ. ಸೀರೆ ಇವತ್ತು ನನ್ನ ಕೈಗೆ ಬರುವವರೆಗೂ ದಿವಾನದ ಅಡಿಯಲ್ಲೇ ಇತ್ತು.

“ಅತ್ತೆ, ನಿಮ್ಮ ಜನ್ಮದಲ್ಲಿ ನೀವು ಒಗೆಯದೆ ಬಿಟ್ಟದ್ದು ಇದೊಂದೇ ಬಟ್ಟೆ ಅಲ್ವಾ?” ಎಂದು ಮೆಷಿನ್ನಿನ ಬಳಿಯಿಂದಲೇ ಕೆಣಕಿದೆ.

ಅತ್ತೆ ಒಗ್ಗರಣೆ ಸೌಟು ಹಿಡಿದು ಬಾಗಿಲಿಗೆ ಬಂದರು. “ಎರಡನೇದ್ದು. ನಿನ್ನ ಟ್ರಂಕಿನ ಅಡಿಯಲ್ಲಿ ಒಂದು ತಲೆದಿಂಬಿನ ಚೀಲ ಇತ್ತು. ಹಗ್ಗದ ಮೇಲೆ ಸೀರೆ ನೋಡಿ ನಿನ್ನ ಮುಖ ಹೇಗಾಗಿತ್ತೂಂತ ನಾನು ಕಂಡಿದ್ದೆ. ಅದನ್ನು ಮುಟ್ಲಿಲ್ಲ.”

“ನಿಮಗೆ ಗೊತ್ತಿತ್ತಾ? ನೀವು ಮಲಗಿದ ಮೇಲೆ ಅಲ್ವಾ ನಾನು...”

“ನಾನು ಯಾವತ್ತು ಮಧ್ಯಾಹ್ನ ನಿದ್ದೆ ಮಾಡಿದವಳು ಮಾರಾಯ್ತಿ?”

ಇಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡಿದ್ದ ಒಂದು ಸಣ್ಣ ಸಿಟ್ಟನ್ನು ಈಗ ಎಲ್ಲಿಡಬೇಕೋ ತಿಳಿಯಲಿಲ್ಲ. ಮೆಷಿನ್ನಿನ ಬಾಗಿಲು ಹಾಕಿದೆ. ಸೀರೆಯನ್ನು ದಿವಾನದ ಅಡಿಗೆ ತಳ್ಳುವ ಮೊದಲು ಒಮ್ಮೆ, ಈ ಸಲ ಎರಡೂ ಕೈಯಲ್ಲಿ, ಮುಖದ ಹತ್ತಿರ ತಂದೆ. ಅತ್ತೆ ಒಲೆಯ ಕಡೆ ತಿರುಗಿ ನಿಂತರು.